ಬೆಂಚಿನ ಮೇಲೆ ಕೂತ ಮಗು ಆಟ ಕಲಿಯುವುದು ಯಾವಾಗ?

ಅಮೆರಿಕದಲ್ಲಿ ಮಕ್ಕಳ ಕ್ರೀಡೆ ಎರಡು ದಾರಿಗಳಲ್ಲಿ ಸಾಗುತ್ತದೆ. ಮೊದಲನೆಯದು ಊರಿನ ಅಥವಾ ಬಡಾವಣೆಯ ಲೀಗ್. ಹೆಸರು ಬರೆಸಿ ಸಣ್ಣ ಶುಲ್ಕ ಕಟ್ಟಿದ ಪ್ರತಿ ಮಗುವಿಗೂ ಅಲ್ಲಿ ಯಾವುದಾದರೊಂದು ತಂಡದಲ್ಲಿ ಜಾಗವಿರುತ್ತದೆ. ಪಂದ್ಯಗಳು ಮನೆ ಹತ್ತಿರದ ಪಾರ್ಕಿನಲ್ಲೇ ನಡೆಯುತ್ತವೆ. ಸಾಮಾನ್ಯವಾಗಿ ಆಡುವ ಮಕ್ಕಳಲ್ಲೇ ಒಬ್ಬರ ಅಪ್ಪನೋ ಅಮ್ಮನೋ ಕೋಚ್ ಆಗಿರುತ್ತಾರೆ. ಎರಡನೆಯದು ‘ಟ್ರಾವೆಲ್ ಟೀಮ್’. ಇಲ್ಲಿ ಟ್ರಯಲ್ಸ್ ನಡೆಸಿ ಮಕ್ಕಳನ್ನು ಆರಿಸುತ್ತಾರೆ, ಎ ತಂಡ, ಬಿ ತಂಡ ಎಂದು ವಿಂಗಡಿಸುತ್ತಾರೆ, ಸಂಬಳ ಕೊಟ್ಟು ಕೋಚ್ ಇಡುತ್ತಾರೆ. ವಾರಾಂತ್ಯ ಬಂತೆಂದರೆ ಟೂರ್ನಿಗಾಗಿ ಬೇರೆ ಊರಿಗೆ, ಎಷ್ಟೋ ಸಲ ಬೇರೆ ರಾಜ್ಯಕ್ಕೆ ಹೊರಡಬೇಕು. ಬೇಸ್‌ಬಾಲ್, ಫುಟ್‌ಬಾಲ್ (ಅಲ್ಲಿನವರ ಮಾತಲ್ಲಿ ಸಾಕರ್), ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ವಾಲಿಬಾಲ್ ಎಲ್ಲದರಲ್ಲೂ ಇಂಥ ತಂಡಗಳಿವೆ. ಏಳೆಂಟು ವರ್ಷದ ಮಕ್ಕಳಿಗೂ ಇವೆ. ನ್ಯೂಜೆರ್ಸಿ, ಡಲ್ಲಾಸ್, ಕ್ಯಾಲಿಫೋರ್ನಿಯಾದ ಬೇ ಏರಿಯಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಶನಿವಾರ ಬೆಳಗಿನ ಈ ಓಡಾಟ ಹೊಸದಲ್ಲ.

ಈ ತಂಡಗಳ ಸುತ್ತ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಶುಲ್ಕ ಕಟ್ಟಿದ, ಅಭ್ಯಾಸಕ್ಕೆ ತಪ್ಪದೆ ಬಂದ ಮಗುವಿಗೆ ಪಂದ್ಯದಲ್ಲಿ ಎಷ್ಟು ಹೊತ್ತು ಆಡಲು ಸಿಗಬೇಕು? ಗೆಲ್ಲಲೆಂದೇ ಕಟ್ಟಿದ ತಂಡದಲ್ಲಿ ಆ ಮಗುವಿನ ಆಟ ನಿಜವಾಗಿ ಬೆಳೆಯುತ್ತದೆಯೇ? ಒಂದು ನ್ಯಾಯದ ಪ್ರಶ್ನೆ, ಇನ್ನೊಂದು ಬೆಳವಣಿಗೆಯ ಪ್ರಶ್ನೆ. ಒಂದು ಬೇಕೆಂದರೆ ಇನ್ನೊಂದನ್ನು ಬಿಡಬೇಕು ಎಂದು ವಾದಿಸುವವರಿದ್ದಾರೆ. ಎಲ್ಲರಿಗೂ ಸಮನಾಗಿ ಅವಕಾಶ ಹಂಚಿದರೆ ಪ್ರತಿಭಾವಂತರ ಏಳಿಗೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ಅಂಜಿಕೆ. ಹನ್ನೆರಡು-ಹದಿಮೂರು ವರ್ಷದೊಳಗಿನ ಮಕ್ಕಳ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ. ಆ ವಯಸ್ಸಿನಲ್ಲಿ ನ್ಯಾಯವಾದದ್ದೇ ಬೆಳವಣಿಗೆಗೂ ಒಳ್ಳೆಯದು ಎಂಬುದಕ್ಕೆ ಬೇಕಾದಷ್ಟು ಆಧಾರಗಳಿವೆ.

ಹಳೆಯ ಲೀಗ್‌ಗಳು ಹುಟ್ಟಿದ್ದೇ ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವ ಉದ್ದೇಶದಿಂದ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಮಕ್ಕಳ ಬೇಸ್‌ಬಾಲಿಗಾಗಿ ‘ಲಿಟಲ್ ಲೀಗ್’ ಆರಂಭಿಸಿದರು. ತಂಡದಲ್ಲಿರುವ ಪ್ರತಿ ಮಗುವೂ ಪಂದ್ಯದಲ್ಲಿ ಇಷ್ಟು ಹೊತ್ತಾದರೂ ಫೀಲ್ಡಿಂಗ್ ಮಾಡಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು ಎಂಬ ಕನಿಷ್ಠ ಆಟದ ನಿಯಮ ಈ ಲೀಗಿನ ನಿಯಮಪುಸ್ತಕದಲ್ಲೇ ಇದೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಮಗು ಪ್ರತಿ ಪಂದ್ಯದ ಅರ್ಧದಷ್ಟಾದರೂ ಆಡಲೇಬೇಕು ಎಂಬುದು ಅದರ ಮೂಲ ನಿಯಮಗಳಲ್ಲೊಂದು. ಗಟ್ಟಿ ಆಟಗಾರರೆಲ್ಲ ಒಂದೇ ಕಡೆ ಸೇರದಂತೆ ತಂಡಗಳನ್ನು ಸಮತೂಕದಲ್ಲಿ ರಚಿಸಬೇಕು ಎಂಬುದು ಇನ್ನೊಂದು.

ಟ್ರಾವೆಲ್ ತಂಡಗಳು ಈ ಎರಡನ್ನೂ ಕೈಬಿಟ್ಟವು. ಗಟ್ಟಿಗರನ್ನು ಒಂದೆಡೆ ಸೇರಿಸುವುದೇ ಅವುಗಳ ಉದ್ದೇಶ. ಅವುಗಳ ಸುತ್ತ ಒಂದು ದೊಡ್ಡ ವ್ಯಾಪಾರವೂ ಬೆಳೆಯಿತು. 1997ರಲ್ಲಿ ಡಿಸ್ನಿ ಕಂಪನಿ ಫ್ಲೋರಿಡಾದ ತನ್ನ ವಿಹಾರಧಾಮದ ಪಕ್ಕದಲ್ಲೇ ವಿಶಾಲವಾದ ಕ್ರೀಡಾ ಸಂಕೀರ್ಣ ತೆರೆಯಿತು. ಮಗುವಿನ ಟೂರ್ನಿಗೆ ಬಂದ ಇಡೀ ಮನೆಮಂದಿ ಹೋಟೆಲಿನಲ್ಲಿ ಉಳಿಯುತ್ತಾರೆ, ಊಟ ಮಾಡುತ್ತಾರೆ, ಸುತ್ತಾಡುತ್ತಾರೆ ಎಂಬ ಲೆಕ್ಕಾಚಾರ ಇತರ ಊರುಗಳಿಗೂ ಹಿಡಿಸಿತು. ಹತ್ತಾರು ಮೈದಾನಗಳ ಸಂಕೀರ್ಣಗಳು ಎದ್ದವು. ತಾವು ಹೇಳಿದ ಹೋಟೆಲಿನಲ್ಲೇ ಕೋಣೆ ಹಿಡಿದರೆ ಮಾತ್ರ ತಂಡಕ್ಕೆ ಪ್ರವೇಶ ಎಂದು ಷರತ್ತು ಹಾಕುವ ಟೂರ್ನಿಗಳೂ ಇವೆ. ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ನಡೆಸಿದ ಪೋಷಕರ ಸಮೀಕ್ಷೆಯ ಪ್ರಕಾರ 2024ರಲ್ಲಿ ಅಮೆರಿಕದ ಕುಟುಂಬವೊಂದು ಮಗುವಿನ ಮುಖ್ಯ ಆಟಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡಿದೆ. 2019ಕ್ಕೆ ಹೋಲಿಸಿದರೆ ಇದು ಶೇ 46ರಷ್ಟು ಹೆಚ್ಚು. ಸರಾಸರಿಯೆಂದರೆ ಪಾರ್ಕಿನ ಲೀಗಿನಲ್ಲಿ ಆಡುವ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ದೂರದೂರಿಗೆ ಹೋಗುವ ತಂಡಗಳಲ್ಲಿ ಮೊತ್ತ ಇದರ ಹಲವು ಪಟ್ಟಾಗುತ್ತದೆ. ಟ್ರಯಲ್ಸ್‌ಗೆ ಬರುವ ಮೊದಲೇ ಬಡವರ ಮಕ್ಕಳು ಆಯ್ಕೆಯಿಂದ ಹೊರಗುಳಿದಿರುತ್ತಾರೆ. ಈ ಏರ್ಪಾಡಿನ ಅತಿ ದೊಡ್ಡ ಅನ್ಯಾಯ ಅದೇ.

ದುಡ್ಡಿನ ಜರಡಿ ದಾಟಿ ಬಂದವರಿಗೆ ಎದುರಾಗುವುದು ಆಯ್ಕೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ನಂಬಿಕೆಯ ಮೇಲೆಯೇ ಎಂಟು-ಒಂಬತ್ತು ವರ್ಷದವರ ಟ್ರಯಲ್ಸ್ ನಡೆಯುತ್ತದೆ. ಆ ವಯಸ್ಸಿನಲ್ಲಿ ಕೋಚ್ ಕಣ್ಣಿಗೆ ಸಿರಿಯಂತೆ ಕಾಣುವುದು ಬಹಳ ಸಲ ಬರೀ ಹುಟ್ಟಿದ ತಿಂಗಳು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಉನ್ನತ ಮಟ್ಟದ ಕಿರಿಯರ ತಂಡಗಳಲ್ಲಿ ಜನವರಿಯಿಂದ ಮಾರ್ಚ್ ನಡುವೆ ಹುಟ್ಟಿದವರು ತುಂಬಿದ್ದರು. ಅಕ್ಟೋಬರಿನಿಂದ ಡಿಸೆಂಬರ್ ನಡುವೆ ಹುಟ್ಟಿದವರು ಅವರಿಗಿಂತ ಬಹಳ ಕಡಿಮೆ. ಕಾರಣ ಸರಳ. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರು. ಜನವರಿ ಮೊದಲ ವಾರ ಹುಟ್ಟಿದ ಮಗು ಮತ್ತು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗು ಒಂದೇ ಗುಂಪಿನಲ್ಲಿ ಆಡುತ್ತಾರೆ. ಒಂಬತ್ತು ವರ್ಷದ ಮಕ್ಕಳ ನಡುವೆ ಹೆಚ್ಚುಕಡಿಮೆ ಹನ್ನೆರಡು ತಿಂಗಳ ಅಂತರವೆಂದರೆ ಅವರ ಬದುಕಿನ ಒಂಬತ್ತನೇ ಒಂದು ಭಾಗ. ಎತ್ತರ, ತೂಕ, ಓಟ, ಹೇಳಿದ್ದನ್ನು ಗ್ರಹಿಸುವ ಶಕ್ತಿ ಎಲ್ಲದರಲ್ಲೂ ಆ ಅಂತರ ಕಾಣುತ್ತದೆ.

ಇಷ್ಟೇ ಆಗಿದ್ದರೆ ವಯಸ್ಸಾದಂತೆ ಅಂತರ ತಾನಾಗಿ ಮುಚ್ಚಿಹೋಗಬೇಕಿತ್ತು. ಆದರೆ ಆಯ್ಕೆಯಾದ ಮಗುವಿಗೆ ಒಳ್ಳೆಯ ಕೋಚ್ ಸಿಗುತ್ತಾರೆ, ವಾರಕ್ಕೆ ಮೂರ್ನಾಲ್ಕು ಅಭ್ಯಾಸ ಸಿಗುತ್ತದೆ, ಗಟ್ಟಿ ಎದುರಾಳಿಗಳು ಸಿಗುತ್ತಾರೆ. ಕೈತಪ್ಪಿದ ಮಗುವಿಗೆ ಇದೊಂದೂ ಇಲ್ಲ. ಮೂರು ವರ್ಷ ಕಳೆದ ಮೇಲೆ ಇಬ್ಬರನ್ನೂ ಮತ್ತೆ ಅಕ್ಕಪಕ್ಕ ನಿಲ್ಲಿಸಿದರೆ ಮೊದಲನೆಯವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ. ಆಗ ಕೋಚ್ ತಮ್ಮ ಮೊದಲ ಆಯ್ಕೆ ಸರಿಯಾಗಿತ್ತೆಂದು ಸಮಾಧಾನಪಡುತ್ತಾರೆ. ಆಯ್ಕೆಯೇ ಈ ವ್ಯತ್ಯಾಸವನ್ನು ಹುಟ್ಟಿಸಿತು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ವಯೋಮಿತಿಯ ದಿನಾಂಕ ಬದಲಿಸುವುದು ಇದಕ್ಕೆ ಪರಿಹಾರವಲ್ಲ. ಅಮೆರಿಕದ ಮಕ್ಕಳ ಫುಟ್‌ಬಾಲ್ ಮೊದಲು ಆಗಸ್ಟ್ 1ರ ಲೆಕ್ಕದಲ್ಲಿತ್ತು. ಉಳಿದ ದೇಶಗಳ ರೀತಿಗೆ ಹೊಂದಿಸಲು ಸುಮಾರು ಒಂದು ದಶಕದ ಹಿಂದೆ ಅದನ್ನು ಜನವರಿ 1ಕ್ಕೆ ಸರಿಸಿದರು. ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದುವ ಗೆಳೆಯರು ಬೇರೆ ಬೇರೆ ತಂಡಗಳಿಗೆ ಹಂಚಿಹೋದರು, ಎಷ್ಟೋ ಮಕ್ಕಳು ಆಟವನ್ನೇ ಬಿಟ್ಟರು ಎಂಬ ದೂರು ಬೆಳೆದು, 2026-27ರ ಸಾಲಿನಿಂದ ಮತ್ತೆ ಆಗಸ್ಟ್ 1ಕ್ಕೆ ಮರಳಲು ಪ್ರಮುಖ ಸಂಸ್ಥೆಗಳು ತೀರ್ಮಾನಿಸಿದವು. ಸಹಪಾಠಿಗಳು ಜೊತೆಯಾಗಿ ಆಡಬಹುದು ಎಂಬುದು ಒಳ್ಳೆಯದೇ. ಅನುಕೂಲ ಮಾತ್ರ ಜನವರಿಯಲ್ಲಿ ಹುಟ್ಟಿದವರ ಕೈಯಿಂದ ಆಗಸ್ಟಿನಲ್ಲಿ ಹುಟ್ಟಿದವರ ಕೈಗೆ ಹೋಗುತ್ತದೆ, ಅಷ್ಟೆ. ದಿನಾಂಕ ಯಾವುದಾದರೂ ಯಾರೋ ಒಬ್ಬರು ಗುಂಪಿನಲ್ಲಿ ಅತಿ ಕಿರಿಯರಾಗಿರಲೇಬೇಕು.

ಹುಟ್ಟಿದ ತಿಂಗಳಿಗಿಂತ ದೊಡ್ಡ ಗೊಂದಲ ತರುವುದು ಪ್ರಾಯಕ್ಕೆ ಬರುವ ಸಮಯ. ಹನ್ನೆರಡು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿದ್ದರೆ ಇನ್ನೊಬ್ಬ ಇನ್ನೂ ಪುಟ್ಟ ಬಾಲಕನಂತೆ ಇರಬಹುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಕ್ಲಬ್‌ಗಳು 2015ರಿಂದ ಇದಕ್ಕೊಂದು ಪ್ರಯೋಗ ಮಾಡುತ್ತಿವೆ. ಮಗುವಿನ ಈಗಿನ ಎತ್ತರ, ತೂಕ ಮತ್ತು ತಂದೆತಾಯಿಯರ ಎತ್ತರದಿಂದ ಅದು ಮುಂದೆ ಎಷ್ಟು ಎತ್ತರ ಬೆಳೆದೀತು ಎಂದು ಅಂದಾಜಿಸುತ್ತಾರೆ. ಆ ಎತ್ತರದ ಶೇ 85ರಿಂದ 90ರಷ್ಟನ್ನು ಮುಟ್ಟಿರುವವರನ್ನೆಲ್ಲ, ಹುಟ್ಟಿದ ವರ್ಷ ನೋಡದೆ, ಒಟ್ಟಿಗೆ ಆಡಿಸುತ್ತಾರೆ. ಬೇಗ ಬೆಳೆದ ಹುಡುಗ ಮೈಬಲದಿಂದ ಚೆಂಡು ಕಿತ್ತುಕೊಳ್ಳಲಾಗದೆ ಪಾಸ್ ಕೊಡುವುದನ್ನು ಕಲಿಯಬೇಕಾಗುತ್ತದೆ. ತಡವಾಗಿ ಬೆಳೆಯುವವನಿಗೆ ಚೆಂಡು ತನ್ನ ಕಾಲಲ್ಲಿಟ್ಟುಕೊಂಡು ಆಟ ನಡೆಸುವ ಧೈರ್ಯ ಬರುತ್ತದೆ. ಭಾರತದ ಕ್ರಿಕೆಟ್ ಮಂಡಳಿಯೂ 16 ವರ್ಷದೊಳಗಿನ ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಅದರ ಉದ್ದೇಶ ಬೇರೆ: ಸುಳ್ಳು ಜನ್ಮದಿನ ಬರೆಸಿಕೊಂಡು ಬರುವವರನ್ನು ಹಿಡಿಯುವುದು.

ಆಯ್ಕೆಯಾದ ಮೇಲೆ ಉಳಿಯುವುದು ಆಡುವ ಸಮಯದ ಪ್ರಶ್ನೆ. ಪೋಷಕರು ಮತ್ತು ಕೋಚ್‌ಗಳ ನಡುವಿನ ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಭಾವನೆಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಒಂಬತ್ತು-ಹತ್ತು ವರ್ಷದವರ ಫುಟ್‌ಬಾಲ್ ಪಂದ್ಯದಲ್ಲಿ ಒಂದು ಕಡೆಗೆ ಏಳು ಮಂದಿ. ಇಪ್ಪತ್ತೈದು ನಿಮಿಷಗಳ ಎರಡು ಅವಧಿ. ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ಮಕ್ಕಳು. ಏಳು ಜಾಗ, ಐವತ್ತು ನಿಮಿಷ ಎಂದರೆ ಹಂಚಲು ಇರುವುದು ಒಟ್ಟು 350 ನಿಮಿಷ. ಸಮನಾಗಿ ಹಂಚಿದರೆ ಪ್ರತಿ ಮಗುವಿಗೆ ಸುಮಾರು 29 ನಿಮಿಷ. ಗೆಲ್ಲಲೇಬೇಕೆಂದು ಕೋಚ್ ಆರು ಮಕ್ಕಳನ್ನು ಪೂರ್ತಿ ಪಂದ್ಯ ಆಡಿಸಿ, ಏಳನೆಯ ಜಾಗವನ್ನು ಉಳಿದ ಆರು ಮಂದಿಗೆ ಹಂಚಿದರೆ ಅವರಿಗೆ ಸಿಗುವುದು ತಲಾ ಎಂಟು ನಿಮಿಷ ಮಾತ್ರ. ವಾರಾಂತ್ಯದ ಟೂರ್ನಿಯೊಂದರಲ್ಲಿ ನಾಲ್ಕು ಪಂದ್ಯಗಳಿದ್ದರೆ ಒಬ್ಬ ಹುಡುಗಿ 200 ನಿಮಿಷ ಆಡಿರುತ್ತಾಳೆ, ಅದೇ ಶುಲ್ಕ ಕಟ್ಟಿ ಅದೇ ಹೋಟೆಲಿನಲ್ಲಿ ಮಲಗೆದ್ದ ಇನ್ನೊಬ್ಬಳು 33 ನಿಮಿಷ. ಇಡೀ ವರ್ಷ ಹೀಗೇ ನಡೆದರೆ ಇಬ್ಬರೂ ಒಂದೇ ತಂಡದಲ್ಲಿದ್ದರು ಎಂಬ ಮಾತಿಗೆ ಅರ್ಥವಿಲ್ಲ.

ಕಡಿಮೆ ಆಡಿದ ಮಗುವಿಗೆ ಆಗುವ ನಷ್ಟ ನಿಮಿಷಗಳ ಲೆಕ್ಕಕ್ಕಷ್ಟೇ ನಿಲ್ಲುವುದಿಲ್ಲ. ಎಂಟು ನಿಮಿಷಕ್ಕೆಂದು ಒಳಗೆ ಹೋದ ಮಗು ತಪ್ಪು ಮಾಡಲು ಹೆದರುತ್ತದೆ. ತಪ್ಪಿದರೆ ಮತ್ತೆ ಬೆಂಚಿಗೆ ಬರಬೇಕೆಂದು ಅದಕ್ಕೆ ಗೊತ್ತು. ಚೆಂಡು ಬಂದ ಕೂಡಲೇ ದೂರ ಒದ್ದು ಜವಾಬ್ದಾರಿ ಕಳೆದುಕೊಳ್ಳುತ್ತದೆ. ಎದುರಾಳಿಯನ್ನು ತಪ್ಪಿಸಿ ನುಗ್ಗುವ ಸಾಹಸ, ಅದರಲ್ಲಿ ಸೋತು ಮತ್ತೆ ಯತ್ನಿಸುವುದು, ಇವುಗಳಿಂದಲೇ ಕೌಶಲ ಬರಬೇಕು. ಅಭ್ಯಾಸದಲ್ಲಿ ಎಷ್ಟೇ ತಿದ್ದಿದರೂ ಪಂದ್ಯದ ಒತ್ತಡದಲ್ಲಿ ತೀರ್ಮಾನ ತೆಗೆದುಕೊಳ್ಳುವುದನ್ನು ಪಂದ್ಯದಲ್ಲೇ ಕಲಿಯಬೇಕು. ಸದಾ ಒಂದೇ ಜಾಗದಲ್ಲಿ ಆಡುವ ‘ಸ್ಟಾರ್’ ಮಗುವಿಗೂ ಇದರಲ್ಲಿ ನಷ್ಟವಿದೆ. ಹತ್ತನೇ ವಯಸ್ಸಿನಲ್ಲಿ ಎತ್ತರವಾಗಿದ್ದಾನೆಂದು ರಕ್ಷಣೆಗೆ ನಿಲ್ಲಿಸಿದ ಹುಡುಗ ಹದಿನೈದರ ಹೊತ್ತಿಗೆ ತಂಡದಲ್ಲಿ ಸಾಧಾರಣ ಎತ್ತರದವನಾಗಿರಬಹುದು. ಬೇರೆ ಜಾಗದ ಆಟ ಅವನಿಗೆ ತಿಳಿದಿರುವುದಿಲ್ಲ.

ಕೋಚ್ ತಮ್ಮ ಮಗನನ್ನೇ ಮುಖ್ಯ ಜಾಗದಲ್ಲಿ ಆಡಿಸುವ ಚಾಳಿಗೆ ಅಮೆರಿಕದಲ್ಲಿ ‘ಡ್ಯಾಡಿ ಬಾಲ್’ ಎಂದೇ ಹೆಸರು. ಎಲ್ಲ ಸಲವೂ ಇದು ಬೇಕೆಂದೇ ಮಾಡುವ ಪಕ್ಷಪಾತವಲ್ಲ. ಮನೆಯಲ್ಲಿ ದಿನವೂ ಕಣ್ಣಮುಂದೆ ಆಡುವ ಮಗುವಿನ ಸಾಮರ್ಥ್ಯ ಹೆಚ್ಚು ಗೋಚರಿಸುವುದು ಸಹಜ. ಅದಕ್ಕೇ ಒಳ್ಳೆಯ ಕ್ಲಬ್‌ಗಳು ಟ್ರಯಲ್ಸ್‌ಗೆ ತಂಡದಲ್ಲಿ ಮಕ್ಕಳಿಲ್ಲದ ಹೊರಗಿನವರನ್ನು ಕರೆಸುತ್ತವೆ, ಮಕ್ಕಳಿಗೆ ಹೆಸರಿನ ಬದಲು ಸಂಖ್ಯೆಯ ಅಂಗಿ ತೊಡಿಸುತ್ತವೆ.

ಬೇಸ್‌ಬಾಲಿನಲ್ಲಿ ಅನ್ಯಾಯ ತದ್ವಿರುದ್ಧ ರೂಪದಲ್ಲಿ, ಅತಿಯಾಗಿ ಆಡಿಸುವ ರೂಪದಲ್ಲಿ ಬರುತ್ತದೆ. ವೇಗವಾಗಿ ಚೆಂಡೆಸೆಯುವ ಹುಡುಗನೊಬ್ಬ ಸಿಕ್ಕರೆ ತಂಡ ಅವನನ್ನೇ ನೆಚ್ಚಿಕೊಳ್ಳುತ್ತದೆ. ಪದೇ ಪದೇ ಪೂರ್ತಿ ಬಲದಿಂದ ಎಸೆದಾಗ ಮೊಣಕೈ ಒಳಬದಿಯ ಅಸ್ಥಿಬಂಧದ ಮೇಲೆ ಭಾರ ಬೀಳುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ವೃತ್ತಿಪರ ಪಿಚರ್ (ಚೆಂಡೆಸೆಯುವ ಆಟಗಾರ) ಟಾಮಿ ಜಾನ್‌ಗೆ ಈ ಅಸ್ಥಿಬಂಧ ಮರುಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿ ಮಾಡಿದರು. ಅನುಭವಿ ವೃತ್ತಿಪರನಿಗೆಂದು ಹುಟ್ಟಿದ ಆ ಚಿಕಿತ್ಸೆ ಈಗ ಹೈಸ್ಕೂಲ್ ಹುಡುಗರಿಗೂ ನಡೆಯುತ್ತಿದೆ. ಲಿಟಲ್ ಲೀಗ್ 2007ರಿಂದ ಎಸೆತಗಳಿಗೆ ಮಿತಿ ಹಾಕಿತು. 2014ರಲ್ಲಿ ವೃತ್ತಿಪರರ ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿ ಹೊರಡಿಸಿದವು: ಒಂಬತ್ತು-ಹತ್ತು ವರ್ಷದವರಿಗೆ ದಿನಕ್ಕೆ 75, ಹನ್ನೊಂದು-ಹನ್ನೆರಡರವರಿಗೆ 85 ಎಸೆತ ಮೀರಕೂಡದು, ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೆ ರಜೆ ಇರಬೇಕು. ಆದರೆ ಶನಿವಾರ ಒಂದು ತಂಡಕ್ಕೆ, ಭಾನುವಾರ ಇನ್ನೊಂದು ತಂಡಕ್ಕೆ ಆಡುವ ಹುಡುಗನ ಎಸೆತಗಳನ್ನು ಒಟ್ಟುಗೂಡಿಸಿ ಲೆಕ್ಕ ಇಡುವವರು ಯಾರು? ಎರಡೂ ತಂಡಗಳು ತಮ್ಮ ಮಟ್ಟಿಗೆ ನಿಯಮ ಪಾಲಿಸಿರುತ್ತವೆ. ಇಲ್ಲಿ ತಂದೆತಾಯಿಯರೇ ಲೆಕ್ಕ ಇಡದೆ ಗತ್ಯಂತರವಿಲ್ಲ.

ಚಿಕ್ಕಂದಿನಲ್ಲೇ ಒಂದೇ ಆಟಕ್ಕೆ ಕಟ್ಟಿಹಾಕುವುದೂ ಇದೇ ಜಾಡಿನದು. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರ ತನ್ನ ವರದಿಯಲ್ಲಿ, ಹೆಚ್ಚಿನ ಆಟಗಳಲ್ಲಿ ಹದಿನೈದು-ಹದಿನಾರು ವರ್ಷದವರೆಗೆ ಒಂದೇ ಆಟಕ್ಕೆ ಸೀಮಿತವಾಗಬಾರದು, ವಾರಕ್ಕೆ ಒಂದೆರಡು ದಿನ ಮತ್ತು ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು ಎಂದು ಸಲಹೆ ಮಾಡಿತು. ಟ್ರಾವೆಲ್ ಕ್ಲಬ್‌ಗಳ ವೇಳಾಪಟ್ಟಿಯಲ್ಲಿ ಆ ಮೂರು ತಿಂಗಳಿಗೆ ಜಾಗ ಸಿಗುವುದೇ ಕಷ್ಟ. ಬಿಟ್ಟರೆ ಜಾಗ ಹೋದೀತೆಂಬ ಭಯದಲ್ಲಿ ಕುಟುಂಬಗಳು ಬಿಡುವುದಿಲ್ಲ. ಕಾಲೇಜು ಸ್ಕಾಲರ್‌ಶಿಪ್‌ನ ಆಸೆಯೂ ಹಿಂದೆ ನಿಂತು ತಳ್ಳುತ್ತದೆ. ಹೈಸ್ಕೂಲಿನಲ್ಲಿ ಆಡುವವರಲ್ಲಿ ಶೇ 2ರಷ್ಟು ಮಂದಿಗೆ ಮಾತ್ರ ಕಾಲೇಜಿನಲ್ಲಿ ಯಾವುದಾದರೊಂದು ಕ್ರೀಡಾ ಸ್ಕಾಲರ್‌ಶಿಪ್ ಸಿಗುತ್ತದೆ ಎಂದು ಅಲ್ಲಿನ ಕಾಲೇಜು ಕ್ರೀಡಾಸಂಸ್ಥೆಯೇ ಹೇಳುತ್ತದೆ. ಪೂರ್ತಿ ಖರ್ಚು ಭರಿಸುವಂಥದ್ದು ಇನ್ನೂ ವಿರಳ.

ಮಕ್ಕಳಿಗೆ ಏನು ಬೇಕು ಎಂದು ಕೇಳಿದವರೂ ಇದ್ದಾರೆ. ಆಟದಲ್ಲಿ ಖುಷಿ ಕೊಡುವುದು ಯಾವುದು ಎಂದು ಸಂಶೋಧಕಿ ಅಮಾಂಡಾ ವಿಸೆಕ್ ಮತ್ತು ಸಂಗಡಿಗರು ಫುಟ್‌ಬಾಲ್ ಆಡುವ ಮಕ್ಕಳನ್ನು ಕೇಳಿ 81 ಸಂಗತಿಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಗೆಲುವಿಗೆ ಸಿಕ್ಕಿದ್ದು 48ನೇ ಸ್ಥಾನ. ಮನಸ್ಸಿಟ್ಟು ಆಡುವುದು, ತಂಡದವರೊಂದಿಗೆ ಹೊಂದಿಕೊಂಡಿರುವುದು, ಕೋಚ್ ಗೌರವದಿಂದ ನಡೆಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಮೇಲೆ ಬಂದವು.

ವ್ಯವಸ್ಥೆಯನ್ನು ಬದಲಿಸಿಯೇ ಗೆದ್ದವರಿದ್ದಾರೆ. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಕ್ರೀಡೆಗೆ ನಿಯಮಾವಳಿ ರೂಪಿಸಿ, 2007ರಲ್ಲಿ ಮಕ್ಕಳ ಹಕ್ಕುಗಳನ್ನೂ ಅದಕ್ಕೆ ಸೇರಿಸಿತು. ಅಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಿಗೆ ಅಂಕಪಟ್ಟಿ, ರ‍್ಯಾಂಕಿಂಗ್ ಇಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಹದಿಮೂರಕ್ಕೆ ಮೊದಲು ಇಲ್ಲ. ಅರ್ಧ ಕೋಟಿಗಿಂತ ಸ್ವಲ್ಪ ಹೆಚ್ಚು ಜನರಿರುವ ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಸೇರಿ 37 ಪದಕ ಗೆದ್ದು ಅಗ್ರಸ್ಥಾನದಲ್ಲಿ ನಿಂತಿತು. ಹಿಮ, ಸಂಪತ್ತು, ಸ್ಕೀಯಿಂಗ್ ಪರಂಪರೆ ಎಲ್ಲ ಅದಕ್ಕೆ ನೆರವಾಗಿವೆ ನಿಜ. ಆದರೆ ಮಕ್ಕಳಿಗೆ ಅಂಕಪಟ್ಟಿ ತೋರಿಸದಿದ್ದರೆ ದೇಶ ಹಿಂದೆ ಬೀಳುತ್ತದೆ ಎಂಬ ಮಾತನ್ನು ಇನ್ನು ಯಾರೂ ಹೇಳುವಂತಿಲ್ಲ. ಜರ್ಮನಿಯ ಫುಟ್‌ಬಾಲ್ ಸಂಘವೂ 2024-25ರಿಂದ ಪುಟ್ಟ ಮಕ್ಕಳಿಗೆ ಸಣ್ಣ ಮೈದಾನ, ಕಡಿಮೆ ಆಟಗಾರರ ಪಂದ್ಯಗಳನ್ನು ಕಡ್ಡಾಯ ಮಾಡಿ, ಲೀಗ್ ಅಂಕಪಟ್ಟಿಯನ್ನು ಕೈಬಿಟ್ಟಿತು.

ಅಮೆರಿಕದೊಳಗೆ ಈ ದಾರಿಯಲ್ಲಿ ಮೊದಲು ಗಟ್ಟಿ ಹೆಜ್ಜೆ ಇಟ್ಟದ್ದು ಐಸ್ ಹಾಕಿ. 2009ರಲ್ಲಿ ಯುಎಸ್ಎ ಹಾಕಿ ಸಂಸ್ಥೆ ಹೊಸ ಮಾದರಿ ಜಾರಿಗೆ ತಂದಿತು. 200 ಅಡಿ ಉದ್ದದ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಎಂಟು ವರ್ಷದ ಮಗು ಪಂದ್ಯವಿಡೀ ಜಾರುತ್ತಲೇ ಇದ್ದರೂ ಆಟದ ಬಿಲ್ಲೆಯಾದ ಪಕ್ ಮುಟ್ಟುವುದು ಅಪರೂಪ. ಆದ್ದರಿಂದ ಪುಟ್ಟ ಮಕ್ಕಳಿಗೆ ರಿಂಕ್ ಅನ್ನು ಅಡ್ಡಕ್ಕೆ ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಂದೊಂದು ಪಂದ್ಯ ಆಡಿಸಿದರು. ‘ಇದು ನಿಜವಾದ ಹಾಕಿಯೇ ಅಲ್ಲ’ ಎಂದು ಎಷ್ಟೋ ಪೋಷಕರು ಸಿಟ್ಟಾದರು. ಮಕ್ಕಳಿಗೆ ಮಾತ್ರ ಪಕ್ ಮುಟ್ಟುವ, ಪಾಸ್ ಕೊಡುವ, ಗೋಲಿಗೆ ಹೊಡೆಯುವ ಅವಕಾಶ ಹಲವು ಪಟ್ಟು ಹೆಚ್ಚಿತು. ಹನ್ನೆರಡು ವರ್ಷದೊಳಗಿನವರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನೇ ಸಂಸ್ಥೆ ನಿಲ್ಲಿಸಿತು. 2011ರಲ್ಲಿ, ಮೈಗೆ ಮೈ ಗುದ್ದಿ ತಡೆಯುವ ಆಟವನ್ನು ಹದಿಮೂರು ವರ್ಷದವರೆಗೆ ಮುಂದೂಡಿತು.

ಎಲ್ಲರನ್ನೂ ಆಡಿಸಬೇಕೆಂಬ ನೀತಿ ಅಂತರರಾಷ್ಟ್ರೀಯ ಮಟ್ಟದ ಹೊಸ್ತಿಲಲ್ಲೂ ಸಾಧ್ಯ ಎಂದು ತೋರಿಸಿದವರು ಬೆಂಗಳೂರಿನ ರಾಹುಲ್ ದ್ರಾವಿಡ್. ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆಗಿದ್ದಾಗ, ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವನ್ನಾದರೂ ಆಡದೆ ಮರಳುವುದಿಲ್ಲ ಎಂದು ಅವರು ಆಟಗಾರರಿಗೆ ಮೊದಲೇ ಹೇಳಿಬಿಡುತ್ತಿದ್ದರು. ಹಿಂದಿನ ವರ್ಷಗಳಲ್ಲಿ ರನ್ ಗುಡ್ಡೆಹಾಕಿ ಪ್ರವಾಸಕ್ಕೆ ಆಯ್ಕೆಯಾಗಿ, ಅಲ್ಲಿ ಆಡಲು ಸಿಗದೆ ಮರಳುವುದರ ಕಹಿ ಅವರಿಗೆ ಸ್ವತಃ ಗೊತ್ತಿತ್ತು. 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಒಬ್ಬ ಆಟಗಾರ ಒಂದೇ ಸಲ ಆಡಬೇಕು ಎಂದು ಭಾರತದ ಕ್ರಿಕೆಟ್ ಮಂಡಳಿ 2016ರಲ್ಲಿ ತೀರ್ಮಾನಿಸಿದ್ದರ ಹಿಂದೆಯೂ ಅವರ ಸಲಹೆಯಿತ್ತು. 2018ರಲ್ಲಿ ಅವರ ಹುಡುಗರು ಆ ವಿಶ್ವಕಪ್ ಗೆದ್ದರು. ಹತ್ತೊಂಬತ್ತು ವರ್ಷದವರಿಗೆ ಸಲ್ಲುವ ಈ ನ್ಯಾಯ ಒಂಬತ್ತು ವರ್ಷದವರಿಗೆ ಸಲ್ಲದು ಎನ್ನಲು ಯಾವ ಕಾರಣವೂ ಇಲ್ಲ.

ಹಾಗೆಂದು ಎಲ್ಲ ವಯಸ್ಸಿಗೂ ನಿಮಿಷಗಳನ್ನು ತೂಗಿ ಹಂಚಬೇಕಿಲ್ಲ. ಹನ್ನೆರಡರವರೆಗೆ ಎಲ್ಲರಿಗೂ ಹೆಚ್ಚುಕಡಿಮೆ ಸಮಪಾಲು, ಎಲ್ಲ ಜಾಗಗಳ ಪರಿಚಯ. ಹದಿಮೂರರಿಂದ ಹದಿನೈದರವರೆಗೆ ಪ್ರತಿ ಪಂದ್ಯದಲ್ಲೂ ಅರ್ಧದಷ್ಟು ಖಚಿತ, ಉಳಿದದ್ದು ಶ್ರಮ ಮತ್ತು ಸಾಮರ್ಥ್ಯ ನೋಡಿ. ಅದರ ಮೇಲಿನ ವಯಸ್ಸಿನಲ್ಲಿ, ತಿಳಿದೇ ಒಪ್ಪಿಕೊಂಡು ಬಂದವರ ನಡುವೆ, ಪೂರ್ಣ ಪೈಪೋಟಿ. ಹೀಗೊಂದು ಏಣಿ ಬಹುಪಾಲು ಆಟಗಳಿಗೆ ಹೊಂದುತ್ತದೆ. ತಂಡ ದೊಡ್ಡದಾದಷ್ಟೂ ಕ್ಲಬ್ಬಿಗೆ ಶುಲ್ಕ ಹೆಚ್ಚು ಬರುತ್ತದೆ, ಮಕ್ಕಳಿಗೆ ಆಟ ಕಡಿಮೆಯಾಗುತ್ತದೆ; ಆದ್ದರಿಂದ ತಂಡದ ಗಾತ್ರಕ್ಕೂ ಮಿತಿ ಬೇಕು. ಆಯ್ಕೆಯಾಗದ ಮಗುವಿಗೆ ಮುಂದಿನ ವರ್ಷವೂ ಬಾಗಿಲು ತೆರೆದಿರಬೇಕು, ಏನನ್ನು ತಿದ್ದಿಕೊಳ್ಳಬೇಕೆಂದು ಎರಡು ಸಾಲು ಬರೆದುಕೊಡಬೇಕು.

ಡಲ್ಲಾಸ್‌ನ ಸಾಕರ್ ಕ್ಲಬ್ ಇರಲಿ, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿ ಇರಲಿ, ಶುಲ್ಕ ಕಟ್ಟುವ ಮುನ್ನ ಪೋಷಕರು ಕೇಳಬೇಕಾದ ಪ್ರಶ್ನೆಗಳು ಇವು: ತಂಡದಲ್ಲಿ ಎಷ್ಟು ಮಕ್ಕಳಿರುತ್ತಾರೆ? ಪ್ರತಿ ಪಂದ್ಯದಲ್ಲಿ ಕನಿಷ್ಠ ಎಷ್ಟು ಆಟ ಖಚಿತ? ಆಯ್ಕೆ ಮಾಡುವವರು ಯಾರು, ಅವರ ಮಕ್ಕಳೂ ತಂಡದಲ್ಲಿದ್ದಾರೆಯೇ? ವರ್ಷದಲ್ಲಿ ಯಾವ ತಿಂಗಳುಗಳು ರಜೆ? ಹಿಂದಿನ ವರ್ಷದ ಮಕ್ಕಳಲ್ಲಿ ಎಷ್ಟು ಮಂದಿ ಇನ್ನೂ ಆಡುತ್ತಿದ್ದಾರೆ? ಉತ್ತರಗಳನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ. ಕಪಾಟಿನಲ್ಲಿರುವ ಟ್ರೋಫಿಗಳನ್ನು ಮಾತ್ರ ತೋರಿಸಿ ಈ ಐದು ಪ್ರಶ್ನೆಗಳಿಗೆ ಉತ್ತರಿಸದ ಕ್ಲಬ್ಬಿಗೆ ಹತ್ತು ವರ್ಷದ ಮಗುವನ್ನು ಸೇರಿಸಬೇಡಿ.